ಮೇಲೆ ಸಮತಟ್ಟು ಜಾಗ ಇದ್ದರೂ ಗೋಡೆಯಂಥ ಗುಡ್ಡದಲ್ಲೇ ಯಾಕೆ ದ್ರಾಕ್ಷಿ ಹಾಕುತ್ತಾರೆ?

ಸೈಕಲ್_ಸವಾರ

ಎಲ್ಲರಿಗೂ ನಮಸ್ಕಾರ. ಊರು ತುಮಕೂರು ಕಡೆ, ಕೆಲಸ ಫ್ರಾಂಕ್‌ಫರ್ಟ್‌ನಲ್ಲಿ. ಅಕ್ಟೋಬರ್ ಮಧ್ಯದಲ್ಲಿ ನಾಲ್ಕು ದಿನ ರಜೆ ಹಾಕಿ ಇಲ್ಲಿಯ, ಅಂದರೆ ಜರ್ಮನಿಯ, ಮೊಸೆಲ್ ನದಿ ದಂಡೆಯಲ್ಲಿ ಟ್ರಿಯರ್‌ನಿಂದ ಕೊಬ್ಲೆಂಜ್‌ವರೆಗೆ ಸೈಕಲ್ ತುಳಿದೆ. ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಆಸುಪಾಸು. ಆದರೆ ನದಿ ಹಾವಿನ ಹಾಗೆ ಸುತ್ತಿ ಬಳಸಿ ಹೋಗುತ್ತದೆ, ಹಾಗಾಗಿ ಸುಮಾರು ಎರಡರಷ್ಟು ತುಳಿಯಬೇಕು. ಮೊಣಕಾಲು ಇನ್ನೂ ನೋಯುತ್ತಿದೆ, ಅದು ಬೇರೆ ಕಥೆ.

ದ್ರಾಕ್ಷಿ ತೋಟ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ದೇವನಹಳ್ಳಿ, ಚಿಕ್ಕಬಳ್ಳಾಪುರ ರಸ್ತೆ ಪಕ್ಕದ ಚಪ್ಪರ. ಇಲ್ಲಿ ನೋಡಿದರೆ ಗುಡ್ಡ ಗೋಡೆ ಹಾಗೆ ನಿಂತಿದೆ, ಅದರ ಮೇಲೆ ಬಳ್ಳಿ. ಚಪ್ಪರವೂ ಇಲ್ಲ, ತಂತಿಯೂ ಇಲ್ಲ. ಎಷ್ಟೋ ಕಡೆ ಒಂದೊಂದು ಬಳ್ಳಿಗೆ ಒಂದೊಂದು ಗೂಟ, ಕಡ್ಡಿಗಳನ್ನು ಬಗ್ಗಿಸಿ ಅದಕ್ಕೇ ಕಟ್ಟಿದ್ದಾರೆ. ಬ್ರೆಮ್ ಅನ್ನೋ ಹಳ್ಳಿಯ ಹಿಂದೆ ಕಾಲ್ಮಾಂಟ್ ಅಂತ ಒಂದು ಗುಡ್ಡ ಇದೆ, ತೀರಾ ಕಡಿದಾದ ಕಡೆ ಇಳಿಜಾರು ಸುಮಾರು 65 ಡಿಗ್ರಿಯಂತೆ. ಕುತ್ತಿಗೆ ಎತ್ತಿ ನೋಡುವಾಗಲೇ ನನಗೆ ತಲೆ ಸುತ್ತಿತು. ಒಂದು ಸಣ್ಣ ಹಳಿಯ ಮೇಲೆ ಹಲ್ಲುಚಕ್ರದ ಗಾಡಿಯಲ್ಲಿ ಒಬ್ಬ ಅಜ್ಜ ಕೂತು ಮೇಲೆ ಹೋಗುತ್ತಿದ್ದ, ಕೆಳಗೆ ನೋಡದೆ.

ಈಗ ಪ್ರಶ್ನೆ. ಗುಡ್ಡದ ತಲೆ ಮೇಲೆ ಸಮತಟ್ಟು ಹೊಲಗಳಿವೆ. ಅಲ್ಲಿ ಟ್ರ್ಯಾಕ್ಟರ್ ಆರಾಮಾಗಿ ಓಡುತ್ತದೆ. ಅದನ್ನು ಬಿಟ್ಟು ಈ ಗೋಡೆಗೆ ಯಾಕೆ ಅಂಟಿಕೊಂಡಿದ್ದಾರೆ? ಇನ್ನೊಂದು, ನದಿಯ ಒಂದು ದಂಡೆಯಲ್ಲಿ ಪೂರ್ತಿ ದ್ರಾಕ್ಷಿ, ಎದುರು ದಂಡೆಯಲ್ಲಿ ಬರೀ ಕಾಡು. ಮುಂದಿನ ತಿರುವು ದಾಟಿದರೆ ಅದಲು ಬದಲು. ಇದೇನು ಲೆಕ್ಕ?

ಕೊಡೆ_ಮರೆತವ

ಸೈಕಲ್ ತುಳಿದು ತಲೆ ಸುತ್ತಿತೋ, ಅಲ್ಲಿನ ವೈನ್ ಕುಡಿದು ಗುಡ್ಡ ಗೋಡೆ ಹಾಗೆ ಕಂಡಿತೋ, ಮೊದಲು ಅದನ್ನು ಹೇಳಿ ಮಾರಾಯ್ರೆ.

ಹಾಸನದ_ಮೇಷ್ಟ್ರು

ತಿರುವಿನ ಪ್ರಶ್ನೆಯಲ್ಲೇ ಉತ್ತರ ಇದೆ. ದ್ರಾಕ್ಷಿ ಇದ್ದ ದಂಡೆ ಯಾವ ದಿಕ್ಕಿಗೆ ಮುಖ ಮಾಡಿತ್ತು ಅಂತ ನೆನಪು ಮಾಡಿಕೊಳ್ಳಿ. ದಕ್ಷಿಣಕ್ಕೆ, ಇಲ್ಲವೇ ಆಗ್ನೇಯಕ್ಕೆ, ನೈಋತ್ಯಕ್ಕೆ. ನದಿ ತಿರುಗಿದ ಹಾಗೆ ದಕ್ಷಿಣಕ್ಕೆ ನೋಡುವ ಗುಡ್ಡ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬರುತ್ತದೆ. ಉತ್ತರಕ್ಕೆ ನೋಡುವ ಗುಡ್ಡವನ್ನು ಕಾಡಿಗೆ ಬಿಟ್ಟಿದ್ದಾರೆ.

ಇನ್ನು ಇಳಿಜಾರು. ನಮ್ಮಜ್ಜಿ ಸಂಡಿಗೆ ಒಣಗಿಸುವಾಗ ಮಧ್ಯಾಹ್ನ ಮೊರವನ್ನು ಸುಮ್ನೆ ನೆಲದ ಮೇಲೆ ಇಡುತ್ತಿದ್ದರು. ನಾಲ್ಕು ಗಂಟೆ ಆಯಿತು ಅಂದರೆ ಮೊರದ ಹಿಂದೆ ಒಂದು ಇಟ್ಟಿಗೆ ಕೊಟ್ಟು ಸೂರ್ಯನ ಕಡೆ ಓರೆ ಮಾಡುತ್ತಿದ್ದರು. ಬಿಸಿಲು ಓರೆಯಾಗಿ ಬಂದಾಗ ಚಪ್ಪಟೆ ನೆಲದ ಮೇಲೆ ಹರಡಿ ತೆಳುವಾಗುತ್ತದೆ. ಮೊರವನ್ನು ಅದಕ್ಕೆ ಎದುರಾಗಿ ನಿಲ್ಲಿಸಿದರೆ ಅಷ್ಟೇ ಜಾಗಕ್ಕೆ ಜಾಸ್ತಿ ಬಿಸಿಲು ಬೀಳುತ್ತದೆ. ಮೊಸೆಲ್‌ನವರು ಮೊರ ಎತ್ತಲಿಲ್ಲ, ಎತ್ತಿಟ್ಟ ಮೊರದಂಥ ಗುಡ್ಡಗಳನ್ನು ಹುಡುಕಿಕೊಂಡರು.

ಲೆಕ್ಕ ಬೇಕು ಅನ್ನುವವರಿಗೆ: ಮೊಸೆಲ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಕ್ಟೋಬರ್ ಮಧ್ಯದಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 32 ಡಿಗ್ರಿ ಮಾತ್ರ ಮೇಲಿರುತ್ತಾನೆ. ಎದುರಾಗಿ ನಿಂತ ಹಲಗೆಗೆ 100 ಪಾಲು ನೇರ ಬಿಸಿಲು ಸಿಗುತ್ತದೆ ಅಂದುಕೊಂಡರೆ ಚಪ್ಪಟೆ ನೆಲಕ್ಕೆ ಸಿಗುವುದು 53 ಪಾಲು. ದಕ್ಷಿಣಕ್ಕೆ 30 ಡಿಗ್ರಿ ಓರೆ ಇರುವ ಇಳಿಜಾರಿಗೆ 88. ಅಂದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಮಜಾ ಏನು ಅಂದರೆ ಜೂನ್ ಕೊನೆಯಲ್ಲಿ ಇದೇ ಲೆಕ್ಕ ಹಾಕಿ. ಸೂರ್ಯ 63 ಡಿಗ್ರಿ ಮೇಲೆ ಇರುತ್ತಾನೆ, ಚಪ್ಪಟೆ ನೆಲಕ್ಕೇ 89 ಪಾಲು ಸಿಗುತ್ತದೆ, ಇಳಿಜಾರಿಗೆ ಹೆಚ್ಚು ಕಡಿಮೆ 100. ವ್ಯತ್ಯಾಸ ಬಹಳ ಇಲ್ಲ. ಇಳಿಜಾರಿನ ನಿಜವಾದ ಲಾಭ ಬೇಸಿಗೆಯಲ್ಲಿ ಅಲ್ಲ, ಬಿಸಿಲು ಕಮ್ಮಿಯಾಗುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿ ಬೆಳೆಯುವ ರೀಸ್ಲಿಂಗ್ ತಡವಾಗಿ ಮಾಗುವ ತಳಿ. ಕಾಯಿಗೆ ಸಕ್ಕರೆ ಏರಬೇಕಾದ ಹೊತ್ತಿಗೇ ಗುಡ್ಡ ಕೈ ಹಿಡಿಯುತ್ತದೆ.

ಬೆಂಗಳೂರಿಗೆ ಇದೇ ಲೆಕ್ಕ ಹಾಕಿದರೆ ಅಕ್ಟೋಬರ್ ಮಧ್ಯದಲ್ಲೂ ಚಪ್ಪಟೆ ನೆಲಕ್ಕೆ 93 ಪಾಲು. ಅದಕ್ಕೇ ನಮ್ಮಲ್ಲಿ ಯಾರೂ ಗುಡ್ಡ ಹುಡುಕಿಕೊಂಡು ಹೋಗುವುದಿಲ್ಲ.

ತಿಕೋಟಾ_ಪಡ

ಮೇಷ್ಟ್ರೇ ಚಲೋ ಹೇಳಿದಿರಿ. ನಮ್ಮದು ವಿಜಯಪುರ ಜಿಲ್ಲೆ, ನಾಲ್ಕು ಎಕರೆ ದ್ರಾಕ್ಷಿ ಪಡ ಅದ. ಥಾಮ್ಸನ್ ತಳಿ, ಎಲ್ಲಾ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ ಹೋಗುತ್ತದೆ. ಓದಿ ನಗು ಬಂತು ನೋಡ್ರಿ. ಅವರು ಬಿಸಿಲು ಹಿಡಿಯಲಿಕ್ಕೆ ಗುಡ್ಡ ಹತ್ತುತ್ತಾರೆ, ನಾವು ಗೊನೆಗೆ ಬಿಸಿಲು ಬಡಿಯಬಾರದು ಅಂತ ಎಲೆ ಮುಚ್ಚಿ ಕೂಡಿಸುತ್ತೇವೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ವರ್ಷಕ್ಕೆ ಎರಡು ಸಲ ಕತ್ತರಿಸುತ್ತೇವೆ. ಕಾಯಿ ಬರುವುದು ಅಕ್ಟೋಬರ್ ಚಾಟ್ನಿಗೆ, ಕಟಾವು ಫೆಬ್ರವರಿ, ಮಾರ್ಚ್. ನಮ್ಮ ಬಳ್ಳಿಗೆ ಅವರ ಹಾಗೆ ಹಿಮದಲ್ಲಿ ಮಲಗುವ ಕೆಲಸ ಇಲ್ಲ.

ಎರಡು ಪ್ರಶ್ನೆ. ಅಷ್ಟು ಇಳಿಜಾರಿದ್ದರೆ ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗುವುದಿಲ್ಲವೇ? ಮತ್ತೆ ಅವರಿಗೆ ಬ್ರಿಕ್ಸ್, ಅಂದರೆ ರಸದ ಸಕ್ಕರೆ ಅಳತೆ, ಎಷ್ಟು ಬರುತ್ತದೆ? ನಾವು 22 ದಾಟದೆ ಮಣೂಕಕ್ಕೆ ಕೈ ಹಚ್ಚುವುದಿಲ್ಲ.

ಸೈಕಲ್_ಸವಾರ

ಅಣ್ಣ, ಅಲ್ಲಿ ಮಣ್ಣೇ ಕಾಣಲಿಲ್ಲ! ನಾನು ಒಂದು ಕಡೆ ಕಾಲುದಾರಿ ಬಿಟ್ಟು ಬಳ್ಳಿಗಳ ನಡುವೆ ಹತ್ತು ಹೆಜ್ಜೆ ಹತ್ತಿದೆ. ಕಾಲ ಕೆಳಗೆ ಬರೀ ಕಲ್ಲಿನ ಚಕ್ಕೆಗಳು, ಬೂದು ನೀಲಿ ಬಣ್ಣ, ಒಡೆದ ಹಂಚಿನ ಹಾಗೆ ಕಿಣಿಕಿಣಿ ಸದ್ದು. ಜಾರಿ ಕೂತುಬಿಟ್ಟೆ. ಕೂತ ಮೇಲೆ ಗೊತ್ತಾಯಿತು, ಗಾಳಿ ಚುಮುಚುಮು ಇದ್ದರೂ ಕಲ್ಲು ಬೆಚ್ಚಗಿತ್ತು. ಸಂಜೆ ಐದೂವರೆ. ಒಂದು ಚಕ್ಕೆ ಜೇಬಿಗೆ ಹಾಕಿಕೊಂಡು ಬಂದೆ, ಈಗ ಮೇಜಿನ ಮೇಲಿದೆ.

ಕಲ್ಲು_ಮಣ್ಣು

ನಿಮ್ಮ ಜೇಬಿಗೆ ಬಂದದ್ದು ಸ್ಲೇಟು. ನಾವೆಲ್ಲ ಬಳಪ ಹಿಡಿದು ಅ ಆ ಇ ಈ ತಿದ್ದಿದ್ದು ಆ ಜಾತಿಯ ಕಲ್ಲಿನ ಮೇಲೇ. ಪದರ ಪದರವಾಗಿ ಸೀಳುತ್ತದೆ. ಮೊಸೆಲ್ ಊರುಗಳಲ್ಲಿ ಮನೆಯ ಸೂರಿಗೂ ಅದನ್ನೇ ಹೊದಿಸುತ್ತಾರೆ.

ತಿಕೋಟಾ ಅಣ್ಣನ ಮೊದಲ ಪ್ರಶ್ನೆಗೆ: ಕೊಚ್ಚಿಕೊಂಡು ಹೋಗುತ್ತದೆ, ಆದರೆ ಮೆತ್ತನೆ ಮಣ್ಣು ಹೋದಷ್ಟು ಸಲೀಸಾಗಿ ಅಲ್ಲ. ಚಕ್ಕೆಗಳ ಸಂದಿಯಲ್ಲಿ ನೀರು ಸರ್‍ರನೆ ಕೆಳಗೆ ಇಳಿಯುತ್ತದೆ, ಮೇಲೆ ಹರಿಯುವುದು ಕಮ್ಮಿ. ಬೇರು ಪದರಗಳ ನಡುವೆ ನುಗ್ಗಿ ಆಳಕ್ಕೆ ಹೋಗುತ್ತದೆ. ಹಾಗಿದ್ದೂ ಜಾರಿಬಿದ್ದ ಕಲ್ಲನ್ನು ಹಿಂದೆ ಬುಟ್ಟಿಯಲ್ಲಿ ಬೆನ್ನ ಮೇಲೆ ಹೊತ್ತು ವಾಪಸ್ ಮೇಲೆ ಹಾಕುತ್ತಿದ್ದರು. ಅಲ್ಲಲ್ಲಿ ಗಾರೆ ಇಲ್ಲದ ಕಲ್ಲುಕಟ್ಟೆಗಳೂ ಇವೆ.

ಬೆಚ್ಚಗಿನ ವಿಷಯ ನಿಜ. ಕಪ್ಪು ಕಲ್ಲು ಬಿಸಿಲು ಚೆನ್ನಾಗಿ ಹೀರುತ್ತದೆ, ಒಣಗಿರುವುದರಿಂದ ಬೇಗ ಕಾಯುತ್ತದೆ. ಹಸಿ ಜೇಡಿ ಮಣ್ಣು ಹಾಗಲ್ಲ. ಅದರ ನೀರು ಬಿಸಿಯಾಗಲು, ಆವಿಯಾಗಲು ಅರ್ಧ ಶಾಖ ಖರ್ಚು. ನಿಮ್ಮ ಅಂಗಳದ ಕಡಪ ಕಲ್ಲಿನ ಮೇಲೆ ಸಂಜೆ ಬರಿಗಾಲಲ್ಲಿ ನಡೆದು ನೋಡಿ, ಆಮೇಲೆ ಪಕ್ಕದ ಹೂವಿನ ಪಾತಿಗೆ ಕಾಲಿಡಿ. ಆದರೆ ರಾತ್ರಿಯಿಡೀ ಕಲ್ಲು ಬಳ್ಳಿಯನ್ನು ಬೆಚ್ಚಗಿಡುತ್ತದೆ ಅಂತ ಪ್ರವಾಸಿಗರಿಗೆ ಹೇಳುವುದು ಸ್ವಲ್ಪ ಜಾಸ್ತಿಯೇ. ಮೇಲಿನ ಚಕ್ಕೆಗಳು ಕತ್ತಲಾದ ಮೇಲೆ ಬೇಗ ತಣ್ಣಗಾಗುತ್ತವೆ. ಸಂಜೆಯ ಒಂದೆರಡು ಗಂಟೆ ಮುಂದುವರಿಯುತ್ತದೆ ಅನ್ನಿ, ಅಷ್ಟೇ ದೊಡ್ಡದು.

ಹಾಸನದ_ಮೇಷ್ಟ್ರು

ಬ್ರಿಕ್ಸ್ ಪ್ರಶ್ನೆಗೆ: ಜರ್ಮನಿಯಲ್ಲಿ ಅದಕ್ಕೆ ಓಕ್ಸ್‌ಲೆ ಅನ್ನುವ ಅಳತೆ. ಒಂದು ಲೀಟರ್ ನೀರು 1000 ಗ್ರಾಂ ಅಲ್ವಾ, ಒಂದು ಲೀಟರ್ ದ್ರಾಕ್ಷಿ ರಸ 1080 ಗ್ರಾಂ ತೂಗಿದರೆ 80 ಓಕ್ಸ್‌ಲೆ. ನಿಮ್ಮ ಲೆಕ್ಕದಲ್ಲಿ ಅದು 19 ಬ್ರಿಕ್ಸ್ ಚಿಲ್ಲರೆ. ಮೊಸೆಲ್‌ನಲ್ಲಿ ಹಿಂದೆ ಹತ್ತು ವರ್ಷದಲ್ಲಿ ಎರಡೋ ಮೂರೋ ವರ್ಷ ಮಾತ್ರ ಹಣ್ಣು ಚೆನ್ನಾಗಿ ಮಾಗುತ್ತಿತ್ತಂತೆ. ಉಳಿದ ವರ್ಷ ಹುಳಿ. ಹುಳಿ ರಸಕ್ಕೆ ಸಕ್ಕರೆ ನೀರು ಬೆರೆಸುವ ದಾರಿಯನ್ನು 19ನೇ ಶತಮಾನದಲ್ಲಿ ಅಲ್ಲಿ ಹಬ್ಬಿಸಿದವನು ಲುಡ್ವಿಗ್ ಗಾಲ್, ಟ್ರಿಯರ್‌ನಲ್ಲೇ ಇದ್ದವನು. ಅಂಥ ಕಡೆ ಹತ್ತು ದಿನ ಮುಂಚೆ ಮಾಗುವ ಜಾಗ ಅಂದರೆ ಅದೇ ಆಸ್ತಿ.

ಸಂಶಯ_ಸಂಗಪ್ಪ

ಎಲ್ಲಾ ಸರಿ, ಆದರೆ ಮೇಷ್ಟ್ರ ಲೆಕ್ಕ ನೇರ ಬಿಸಿಲಿಗೆ ಮಾತ್ರ. ನಾನು ಮೂರು ವರ್ಷ ಕಲೋನ್‌ನಲ್ಲಿ ಇದ್ದೆ, ಅಕ್ಟೋಬರ್ ಅಂದರೆ ವಾರಕ್ಕೆ ಎರಡು ದಿನ ಸೂರ್ಯ ಕಂಡರೆ ಪುಣ್ಯ. ಮೋಡ ಇದ್ದರೆ ಬೆಳಕು ಎಲ್ಲಾ ಕಡೆಯಿಂದ ಬರುತ್ತದೆ, ಇಳಿಜಾರಾದರೇನು ಚಪ್ಪಟೆಯಾದರೇನು.

ನದಿ ಕನ್ನಡಿ ಹಾಗೆ ಬಿಸಿಲನ್ನು ಗುಡ್ಡಕ್ಕೆ ಹೊಡೆಯುತ್ತದೆ ಅಂತ ಪ್ರತಿ ದೋಣಿ ವಿಹಾರದಲ್ಲೂ ಧ್ವನಿವರ್ಧಕದಲ್ಲಿ ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಮೊಸೆಲ್ ಅಷ್ಟು ಅಗಲವೂ ಇಲ್ಲ.

ಹಾಸನದ_ಮೇಷ್ಟ್ರು

ಮೋಡದ ಮಾತು ಒಪ್ಪಿದೆ. ಇಳಿಜಾರಿನ ಲಾಭ ಬಿಸಿಲಿದ್ದ ದಿನಕ್ಕೆ ಮಾತ್ರ. ಆದರೆ ಬಿಸಿಲಿರುವ ದಿನವೇ ಕಡಿಮೆ ಅಂದ ಮೇಲೆ ಆ ಎರಡು ದಿನ ಪೋಲಾಗಬಾರದು, ಅಲ್ವಾ?

ನದಿ ವಿಷಯ ಅರ್ಧ ನಿಜ. ಸೂರ್ಯ 30 ಡಿಗ್ರಿ ಎತ್ತರದಲ್ಲಿ ಇದ್ದಾಗ ತಿಳಿಯಾಗಿ ನಿಂತ ನೀರು ವಾಪಸ್ ಕಳಿಸುವುದು ನೂರಕ್ಕೆ ಆರು ಪಾಲು ಬೆಳಕು, ಉಳಿದದ್ದು ಒಳಗೆ ಹೋಗುತ್ತದೆ. ಸೂರ್ಯ 10 ಡಿಗ್ರಿಗೆ ಇಳಿದಾಗ ಮೂರನೇ ಒಂದು ಪಾಲು ವಾಪಸ್. ಅಂದರೆ ಬೆಳಗ್ಗೆ, ಸಂಜೆ, ಶರತ್ಕಾಲದ ಕೊನೆಗೆ ಕನ್ನಡಿ ಕೆಲಸ ಮಾಡುತ್ತದೆ, ಅದೂ ದಂಡೆಗೆ ಹತ್ತಿರದ ಇಳಿಜಾರಿಗೆ. ನಡುಮಧ್ಯಾಹ್ನ ಏನೂ ಇಲ್ಲ. ದೋಣಿಯವನಿಗೆ ಇಷ್ಟೆಲ್ಲ ಹೇಳಲು ಪುರುಸೊತ್ತು ಎಲ್ಲಿ.

ಲೋಸಾನ್_ಅಡುಗೆಮನೆ

ಕನ್ನಡಿ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾವಿರುವುದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ, ಪಕ್ಕದಲ್ಲೇ ಲಾವೋ. ಜಿನೀವಾ ಸರೋವರದ ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ, 2007ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಇಲ್ಲಿಯವರು ಲಾವೋಗೆ ಮೂರು ಸೂರ್ಯ ಅನ್ನುತ್ತಾರೆ. ಒಂದು ಆಕಾಶದ್ದು, ಒಂದು ನೀರಿನದು, ಇನ್ನೊಂದು ಕಲ್ಲುಗೋಡೆಯದು. ನೀರಿನ ಸೂರ್ಯ ಎಷ್ಟು ಅಂತ ಮೇಷ್ಟ್ರು ಲೆಕ್ಕ ಹಾಕಲಿ. ಗೋಡೆಯ ಸೂರ್ಯನಿಗೆ ಮಾತ್ರ ನಾನು ಸಾಕ್ಷಿ. ನವೆಂಬರ್‌ನಲ್ಲಿ ವಾಕಿಂಗ್ ಹೋದಾಗ ಆ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಮನೆಗೆ ಹೋಗಲು ಮನಸ್ಸು ಬರುವುದಿಲ್ಲ. ನಮ್ಮತ್ತೆ ಊರಿಂದ ಬಂದಿದ್ದಾಗ ಅಲ್ಲೇ ಕೂತು ಸ್ವೆಟರ್ ಬಿಚ್ಚಿಟ್ಟು ಮರೆತು ಬಂದರು. ಮರುದಿನ ಹೋದಾಗ ಯಾರೋ ಮಡಿಸಿ ಗೋಡೆ ಮೇಲೆ ಇಟ್ಟಿದ್ದರು.

ನೀಲಗಿರಿ_ನಂಟು

ಎಲ್ಲರೂ ಬಿಸಿಲು ಬಿಸಿಲು ಅನ್ನುತ್ತಿದ್ದೀರಿ, ಚಳಿ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ. ಸವಾರರ ಮೊದಲ ಪ್ರಶ್ನೆ, ಮೇಲಿನ ಸಮತಟ್ಟು ಜಾಗ ಯಾಕೆ ಬೇಡ ಅನ್ನೋದಕ್ಕೂ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ನಾನು ಬೆಳೆದದ್ದು ಊಟಿ ಹತ್ತಿರ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಗಡ್ಡೆಕಟ್ಟಿ ಬಿಳಿಯಾಗುತ್ತದೆ. ಅದು ಮೊದಲು ಸುಡುವುದು ತಗ್ಗಿನ ತರಕಾರಿ ಹೊಲ, ತಗ್ಗಿನ ಚಹಾ ಗಿಡ. ಸ್ವಲ್ಪ ಮೇಲೆ, ಇಳಿಜಾರಿನಲ್ಲಿ ಇರುವ ಗಿಡ ಹಸಿರಾಗೇ ಇರುತ್ತದೆ. ತಣ್ಣನೆ ಗಾಳಿ ಭಾರ, ರಾತ್ರಿ ನೀರಿನ ಹಾಗೆ ಇಳಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಇಳಿಜಾರಿನಲ್ಲಿ ಅದು ನಿಲ್ಲುವುದೇ ಇಲ್ಲ, ದಾಟಿ ಹೋಗುತ್ತದೆ. ಮೊಸೆಲ್ ಬಳ್ಳಿ ಏಪ್ರಿಲ್‌ನಲ್ಲಿ ಚಿಗುರುತ್ತದೆ. ಆಗ ಒಂದು ರಾತ್ರಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೋದರೆ ಚಿಗುರು ಕರಕಲು. 2024ರ ಏಪ್ರಿಲ್ ಕೊನೆಯ ಹಿಮಕ್ಕೆ ಮೊಸೆಲ್‌ನ ಉಪನದಿಗಳಾದ ಸಾರ್, ರೂವರ್ ಕಣಿವೆಗಳಲ್ಲಿ ಎಷ್ಟೋ ತೋಟಗಳಿಗೆ ಹಾಗೇ ಹೊಡೆತ ಬಿತ್ತು.

ಇನ್ನು ಗುಡ್ಡದ ತಲೆ. ನೂರು ಮೀಟರ್ ಮೇಲೆ ಹೋದ ಹಾಗೆ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಕಮ್ಮಿಯಾಗುತ್ತದೆ. ಆ ಬಯಲಿಗೆ ಕಣಿವೆಯ ಎರಡೂ ಬದಿಯ ಎತ್ತರದ ಗುಡ್ಡಸೀಮೆಗಳಾದ ಐಫಲ್, ಹುನ್ಸ್‌ರ್‍ಯೂಕ್ ಕಡೆಯ ಗಾಳಿ ನೇರವಾಗಿ ಬೀಸುತ್ತದೆ, ತಡೆಯಲು ಏನೂ ಇಲ್ಲ. ಕಣಿವೆ ಒಳಗಿನ ಬಳ್ಳಿಗೆ ಗುಡ್ಡವೇ ಬೆನ್ನಿಗೆ ಗೋಡೆ, ನೆತ್ತಿಯಲ್ಲಿ ಕಾಡು ಇದ್ದರೆ ಗಾಳಿಗೆ ಬೇಲಿ. ಹಾಗಾಗಿ ತಲೆಯೂ ಅಲ್ಲ, ಪಾದವೂ ಅಲ್ಲ, ಗುಡ್ಡದ ಹೊಟ್ಟೆಯೇ ಒಳ್ಳೆಯ ಜಾಗ. ಫ್ರಾನ್ಸಿನ ಬರ್ಗಂಡಿಯಲ್ಲೂ ಹೆಸರಾದ ತೋಟಗಳೆಲ್ಲ ಇಳಿಜಾರಿನ ನಡುವಿನ ಪಟ್ಟಿಯಲ್ಲೇ ಇವೆ. ಅಲ್ಲಿ ಗುಡ್ಡ ಪೂರ್ವಕ್ಕೆ ನೋಡುತ್ತದೆ, ಬೆಳಗಿನ ಬಿಸಿಲಿಗೆ ಬೇಗ ಕಾಯುತ್ತದೆ.

ಸೆನೆಕಾ_ದಂಡೆ

ನೀರಿನ ಬಗ್ಗೆ ಇನ್ನೊಂದು ಮಾತು. ಕನ್ನಡಿಗಿಂತ ನೀರಿನ ದೊಡ್ಡ ಕೆಲಸ ಬೇರೆ ಇದೆ. ನಾನಿರುವುದು ನ್ಯೂಯಾರ್ಕ್ ರಾಜ್ಯದ ಮೇಲ್ಭಾಗ, ಫಿಂಗರ್ ಲೇಕ್ಸ್ ಕಡೆ. ಇಲ್ಲಿಯೂ ರೀಸ್ಲಿಂಗೇ ಪ್ರಸಿದ್ಧ. ಯುರೋಪಿನ ತಳಿಗಳು ಇಲ್ಲಿಯ ಚಳಿಗೆ ಬದುಕುವುದಿಲ್ಲ ಅಂತ ಎಲ್ಲರೂ ಅನ್ನುತ್ತಿದ್ದಾಗ ಬದುಕುತ್ತವೆ ಅಂತ ತೋರಿಸಿದವರು ಉಕ್ರೇನಿನಿಂದ ಬಂದ ಕಾನ್‌ಸ್ಟಂಟಿನ್ ಫ್ರಾಂಕ್. 1962ರಲ್ಲಿ ತಮ್ಮದೇ ವೈನರಿ ಶುರು ಮಾಡಿದರು.

ಸೆನೆಕಾ ಸರೋವರ 188 ಮೀಟರ್ ಆಳ. ಚಳಿಗಾಲದಲ್ಲಿ ರಸ್ತೆ, ಕೆರೆ, ನನ್ನ ಕಾರಿನ ಬಾಗಿಲು ಎಲ್ಲಾ ಹೆಪ್ಪುಗಟ್ಟಿದರೂ ಸೆನೆಕಾ ಪೂರ್ತಿ ಹೆಪ್ಪುಗಟ್ಟುವುದು ತೀರಾ ಅಪರೂಪ. ಬೇಸಿಗೆಯ ಶಾಖವನ್ನು ಒಳಗಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಹಾಗಾಗಿ ಶರತ್ಕಾಲದಲ್ಲಿ ದಂಡೆಗೆ ಹಿಮ ತಡವಾಗಿ ಬರುತ್ತದೆ, ಹಣ್ಣಿಗೆ ಇನ್ನಷ್ಟು ದಿನ ಸಿಗುತ್ತದೆ. ವಸಂತದಲ್ಲಿ ಉಲ್ಟಾ. ನೀರು ಇನ್ನೂ ತಣ್ಣಗಿರುವುದರಿಂದ ದಂಡೆಯ ಬಳ್ಳಿ ಬೇಗ ಮೋಸಹೋಗಿ ಚಿಗುರುವುದಿಲ್ಲ, ಕೊನೆಯ ಹಿಮ ದಾಟುವ ತನಕ ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಸರೋವರದ ಆಗ್ನೇಯ ದಂಡೆಗೆ ಇಲ್ಲಿಯವರು ಬಾಳೆಹಣ್ಣಿನ ಪಟ್ಟಿ ಅನ್ನುತ್ತಾರೆ, ಅಷ್ಟು ಬೆಚ್ಚಗೆ ಅಂತ ತಮಾಷೆಗೆ. ಬಾಳೆ ಏನೂ ಬೆಳೆಯುವುದಿಲ್ಲ, ಹುಡುಕಿಕೊಂಡು ಹೋಗಬೇಡಿ.

ಅಷ್ಟಿದ್ದರೂ ಶರತ್ಕಾಲದ ಕೊನೆಗೆ ಬಳ್ಳಿಯ ಬುಡಕ್ಕೆ, ಕಸಿ ಕಟ್ಟಿದ ಗಂಟು ಮುಚ್ಚುವಷ್ಟು ಮಣ್ಣು ಏರಿಸುತ್ತಾರೆ. ಮೇಲಿನದು ಚಳಿಗೆ ಸತ್ತರೂ ಗಂಟು ಉಳಿದರೆ ಮತ್ತೆ ಚಿಗುರುತ್ತದೆ. ವಸಂತದಲ್ಲಿ ಆ ಮಣ್ಣನ್ನು ಮತ್ತೆ ಬಿಡಿಸುತ್ತಾರೆ.

ತಿಕೋಟಾ_ಪಡ

ಕಬ್ಬಿಗೆ ಮಣ್ಣು ಏರಿಸಿದ ಹಾಗೆ. ತಿಳೀತು.

ಸಂಶಯ_ಸಂಗಪ್ಪ

ಒಂದು ಕೊನೆಯ ತಕರಾರು. ಇದೆಲ್ಲ ಈಗ ನಾವು ಕೂತು ಕಟ್ಟಿದ ವಿವರಣೆ. ಆಗಿನ ರೈತನಿಗೆ ಸೈನು, ಕೋಸೈನು ಗೊತ್ತಿತ್ತೇ?

ಹಳೇ_ನಕ್ಷೆ

ಬೇಕಾಗಿರಲಿಲ್ಲ ಸಂಗಪ್ಪನವರೇ, ಚಳಿಗಾಲದಲ್ಲಿ ಮಂಜು ಮೊದಲು ಎಲ್ಲಿ ಕರಗುತ್ತದೆ ಅಂತ ನೋಡಿದರೆ ಸಾಕು. ಟ್ರಿಯರ್ ರೋಮನ್ನರ ಊರು. ಅಲ್ಲಿದ್ದ ಕವಿ ಔಸೋನಿಯಸ್ 4ನೇ ಶತಮಾನದಲ್ಲೇ ಮೊಸೆಲ್ ಬಗ್ಗೆ ಬರೆದ ಪದ್ಯದಲ್ಲಿ ದಂಡೆಯ ಗುಡ್ಡಗಳ ದ್ರಾಕ್ಷಿಬಳ್ಳಿ ನೀರಿನಲ್ಲಿ ಕಾಣುವುದನ್ನು ಹೇಳುತ್ತಾನೆ. ಪೀಸ್‌ಪೋರ್ಟ್‌ನಲ್ಲಿ ಗುಡ್ಡದ ಬುಡದಲ್ಲೇ ರೋಮನ್ನರ ಕಾಲದ ದ್ರಾಕ್ಷಿ ಹಿಂಡುವ ತೊಟ್ಟಿಗಳು ಸಿಕ್ಕಿವೆ.

ಆಮೇಲೆ ತೆರಿಗೆಯವರು ಬಂದರು. ಪ್ರಷ್ಯಾ ಸರ್ಕಾರದ ಕಾಲದಲ್ಲಿ, 1868ರಲ್ಲಿ, ಸಾರ್ ಮತ್ತು ಮೊಸೆಲ್ ದ್ರಾಕ್ಷಿ ತೋಟಗಳ ಒಂದು ನಕ್ಷೆ ಬಂತು. ಭೂಕಂದಾಯದ ಲೆಕ್ಕದ ಮೇಲೆ ಮಾಡಿದ್ದು. ಒಳ್ಳೆಯ ಜಾಗಕ್ಕೆ ಗಾಢ ಬಣ್ಣ, ಸಾಧಾರಣಕ್ಕೆ ತಿಳಿ ಬಣ್ಣ. ಆ ಗಾಢ ಬಣ್ಣವನ್ನು ಬೆರಳಲ್ಲಿ ಹಿಡಿದು ಹೋದರೆ ನದಿಯ ತಿರುವುಗಳಲ್ಲಿ ದಕ್ಷಿಣಕ್ಕೆ ನೋಡುವ ಇಳಿಜಾರುಗಳೇ ಮತ್ತೆ ಮತ್ತೆ ಸಿಗುತ್ತವೆ. ಕಂದಾಯ ಕಟ್ಟುವವನೂ ವಸೂಲಿ ಮಾಡುವವನೂ ಒಪ್ಪಿದ ಸತ್ಯ ಅಂದರೆ ಅದು ಗಟ್ಟಿ ಅಂತ ಲೆಕ್ಕ.

ಇನ್ನೊಂದು ಚಂದದ ಗುರುತು ಇದೆ. ವೇಲನ್ ಊರಿನ ಎದುರಿನ ಗುಡ್ಡದಲ್ಲಿ ಬಳ್ಳಿಗಳ ನಡುವೆ ಬಂಡೆಗೆ ದೊಡ್ಡ ನೆರಳುಗಡಿಯಾರ ಕಟ್ಟಿದ್ದಾರೆ, 1842ರಲ್ಲಿ, ಯೋದೋಕುಸ್ ಪ್ರ್ಯೂಮ್ ಅನ್ನುವವರು. ಕೆಲಸದವರಿಗೆ ಹೊತ್ತು ತಿಳಿಯಲಿ ಅಂತ. ಬಿಸಿಲು ಬೀಳದ ಗುಡ್ಡದಲ್ಲಿ ಯಾರೂ ನೆರಳುಗಡಿಯಾರ ಕಟ್ಟುವುದಿಲ್ಲ ಅಲ್ವಾ. ಈಗ ಆ ತೋಟದ ಹೆಸರೇ ಜೊನ್ನನ್‌ಊರ್, ಅಂದರೆ ಸೂರ್ಯನ ಗಡಿಯಾರ. ಚೆಲ್ಟಿಂಗನ್, ಬ್ರೌನೆಬರ್ಗ್‌ನಲ್ಲೂ ಅದೇ ಹೆಸರಿನ ತೋಟಗಳಿವೆ, ಎಲ್ಲವೂ ದುಬಾರಿ. ಆದರೆ 1971ರ ಜರ್ಮನ್ ವೈನ್ ಕಾಯ್ದೆ ದರ್ಜೆ ಕೊಡುವಾಗ ರಸದಲ್ಲಿ ಸಕ್ಕರೆ ಎಷ್ಟು ಅಂತ ನೋಡಿತು, ಗುಡ್ಡ ಎಂಥದು ಅಂತ ಕೇಳಲಿಲ್ಲ. ನನ್ನ ಪ್ರಕಾರ ಅದು ದೊಡ್ಡ ತಪ್ಪು. ಬೆನ್ನು ಮುರಿದು ಗೋಡೆ ಹತ್ತಿದವನನ್ನೂ ಬಯಲಿನಲ್ಲಿ ಯಂತ್ರ ಓಡಿಸಿದವನನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗಾಯಿತು.

ನೀಲಗಿರಿ_ನಂಟು

ಈಗ ಆ ತಕ್ಕಡಿಯೇ ಅಲುಗಾಡುತ್ತಿದೆ. ಬೇಸಿಗೆ ಬಿಸಿಯಾಗುತ್ತಿದೆ, ರೀಸ್ಲಿಂಗ್ ಹಿಂದಿಗಿಂತ ಬೇಗ ಮಾಗುತ್ತಿದೆ. ಹಿಂದೆ ಹಣ್ಣಾಗಲು ಒದ್ದಾಡುತ್ತಿದ್ದ ಪಕ್ಕದ ತಂಪು ಕಣಿವೆಗಳಿಗೆ ಈಗ ಬೇಡಿಕೆ. ಕಡಿದಾದ ದಕ್ಷಿಣದ ಇಳಿಜಾರಿನಲ್ಲಿ ಜೋರು ಬಿಸಿಲಿನ ವರ್ಷ ಕಾಯಿ ಸುಡುತ್ತದೆ. ಗೊಂಚಲಿಗೆ ಬಿಸಿಲು ಬೀಳಲಿ ಅಂತ ಎಲೆ ಕೀಳುತ್ತಿದ್ದವರು ಈಗ ಎಲೆ ಬಿಡುತ್ತಿದ್ದಾರೆ.

ತಿಕೋಟಾ_ಪಡ

ಅಂದರೆ ನಮ್ಮ ದಾರಿಗೆ ಬರುತ್ತಿದ್ದಾರೆ ಅನ್ನಿ! ನಾಸಿಕ, ಸಾಂಗಲಿ ಕಡೆ ತಿನ್ನುವ ದ್ರಾಕ್ಷಿಗೆ ಗೊನೆ ಗೊನೆಗೂ ಹಳೆ ಪೇಪರ್ ಸುತ್ತುತ್ತಾರೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಥಂಡಿ, ಹಗಲು ಚುರುಕು ಬಿಸಿಲು, ಹಸಿರು ಕಾಯಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ವ್ಯಾಪಾರಿ ಮುಟ್ಟುವುದಿಲ್ಲ. ನಾನೂ ಒಂದು ವರ್ಷ ಎರಡು ಸಾಲಿಗೆ ಸುತ್ತಿ ನೋಡಿದ್ದೆ. ಒಬ್ಬ ಆಳು ದಿನಕ್ಕೆ ಎಷ್ಟು ಗೊನೆ ಸುತ್ತುತ್ತಾನೆ ಅಂತ ಲೆಕ್ಕ ಹಾಕಿ ಅಲ್ಲಿಗೇ ಬಿಟ್ಟೆ.

ಸವಾರರೇ, ಆ ಅಜ್ಜನ ಹಳಿ ಗಾಡಿಯ ಫೋಟೋ ಇದ್ದರೆ ಹಾಕಿ. ನಮ್ಮ ಹುಡುಗರಿಗೆ ತೋರಿಸಬೇಕು. ಸಮತಟ್ಟು ಪಡದಲ್ಲಿ ಕ್ರೇಟ್ ಹೊರಲಿಕ್ಕೇ ಸೊಂಟ ಅನ್ನುತ್ತಾರೆ.

ಸೈಕಲ್_ಸವಾರ

ಫೋಟೋ ಇದೆ ಅಣ್ಣ, ಅಲುಗಾಡಿದೆ, ರಾತ್ರಿ ಹಾಕುತ್ತೇನೆ. ನಿಮ್ಮೆಲ್ಲರ ಮಾತು ಓದಿ ಇವತ್ತು ಹಳೆಯ ಫೋಟೋಗಳನ್ನು ಮತ್ತೆ ನೋಡಿದೆ. ನಾನು ಜಾರಿ ಕೂತ ಜಾಗದಲ್ಲಿ ತೆಗೆದದ್ದು ಒಂದಿದೆ, ಸಂಜೆ 5:40ರದು. ಎದುರು ದಂಡೆಯ ಕಾಡು ಪೂರ್ತಿ ಕಪ್ಪು. ನದಿ ಮೇಲೂ ನೆರಳು ಅರ್ಧ ದಾಟಿದೆ. ನನ್ನ ಕಾಲು, ಬಳ್ಳಿಯ ಗೂಟ, ಕಲ್ಲಿನ ಚಕ್ಕೆ ಮಾತ್ರ ಇನ್ನೂ ಹಳದಿ ಬಿಸಿಲಿನಲ್ಲಿವೆ.